ಅರಿವು ಎಲ್ಲಿ ನೆಲೆಸುತ್ತದೆ? ಇಮಾಮ್ ಗಝ್ಝಾಲಿ(ರ) ಮತ್ತು ಅಸ್ತಿತ್ವವಾದ

ಹಿಜರಿ 488ರ ರಜಬ್ ತಿಂಗಳು. ಕ್ರಿಸ್ತಶಕ 1095ರ ಬೇಸಗೆ. ಬಗ್ದಾದಿನ ನಿಝಾಮಿಯಾ ಮದ್ರಸದಲ್ಲಿ ಸುಮಾರು ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಗುರುಗಳ ವಯಸ್ಸು ಇನ್ನೂ ನಲ್ವತ್ತು ದಾಟಿರಲಿಲ್ಲ. ಧರ್ಮಶಾಸ್ತ್ರ, ತರ್ಕ, ವಾದವಿದ್ಯೆ ಇವುಗಳಲ್ಲಿ ಅವರಿಗೆ ಸರಿಗಟ್ಟುವವರು ವಿರಳರಾಗಿದ್ದರು. ಅಂತಹ ಗುರುಗಳು ಒಂದು ದಿನ ಪಾಠ ಹೇಳಲೆಂದು ಬಾಯಿ ತೆರೆದಾಗ ಮಾತೇ ಹೊರಡಲಿಲ್ಲ. ಕಾದು ಕುಳಿತ ವಿದ್ಯಾರ್ಥಿಗಳ ಮನಸ್ಸನ್ನಾದರೂ ಸಂತೈಸಬೇಕೆಂದು ಹೆಣಗಿದರು. ನಾಲಿಗೆ ಒಂದು ಪದವನ್ನೂ ನುಡಿಯಲಿಲ್ಲ. ಕ್ರಮೇಣ ಅನ್ನಪಾನಗಳೂ ಗಂಟಲಿನಿಂದ ಇಳಿಯದಾದವು. ಪರೀಕ್ಷಿಸಿದ ವೈದ್ಯರು, ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹರಡಿದ ವ್ಯಾಧಿ, ಒಳಗಿನ ಚಿಂತೆ ತೊಲಗದೆ ಯಾವ ಔಷಧಿಯೂ ನಾಟದು ಎಂದು ಕೈಚೆಲ್ಲಿದರು.

ಆ ಗುರುಗಳೇ ಇಮಾಮ್ ಅಬೂ ಹಾಮಿದ್ ಮುಹಮ್ಮದ್ ಅಲ್ ಗಝ್ಝಾಲಿ(ರ). ಮುಂದೆ ಇಸ್ಲಾಮೀ ಲೋಕವು ಅವರನ್ನು 'ಹುಜ್ಜತುಲ್ ಇಸ್ಲಾಮ್' ಎಂದು ಗೌರವಿಸಿತು. ಎಲ್ಲವನ್ನೂ ಬಲ್ಲ ಆ ವಿದ್ವಾಂಸರ ಬಾಯಿ ಏಕೆ ಕಟ್ಟಿತು? ತಿಳಿದಿರುವುದು ಮತ್ತು ಅರಿತಿರುವುದು ಬೇರೆ ಬೇರೆಯೇ? ಈ ಪ್ರಶ್ನೆಯನ್ನು ಅವರ ನಂತರ ಏಳು ಶತಮಾನಗಳು ಕಳೆದ ಮೇಲೆ ಯುರೋಪಿನ ಅಸ್ತಿತ್ವವಾದಿ ಚಿಂತಕರೂ ಎತ್ತಿಕೊಂಡರು. ಕಾಲ, ದೇಶ, ಧರ್ಮ ಎಲ್ಲವೂ ಬೇರೆಯಾಗಿದ್ದರೂ ಅವರು ಕೇಳಿದ ಪ್ರಶ್ನೆಗೆ ಇಮಾಮರ ಪ್ರಶ್ನೆಯೊಡನೆ ಅಚ್ಚರಿಯ ಹೋಲಿಕೆಯಿದೆ. ಆದರೆ ದೊರೆತ ಉತ್ತರಗಳು ಒಂದೇ ಅಲ್ಲ. ಆ ಹೋಲಿಕೆಯನ್ನೂ ಆ ವ್ಯತ್ಯಾಸವನ್ನೂ ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಬರಹದ ಉದ್ದೇಶ.

ತೂಸ್‌ನಿಂದ ಬಗ್ದಾದಿಗೆ

ಇಮಾಮ್ ಗಝ್ಝಾಲಿ(ರ) ಹಿಜರಿ 450ರಲ್ಲಿ (ಕ್ರಿ.ಶ. 1058) ಖುರಾಸಾನ್ ಪ್ರಾಂತದ ತೂಸ್‌ನಲ್ಲಿ ಜನಿಸಿದರು. ಅವರ ಬಾಲ್ಯದ ವಿದ್ಯಾಭ್ಯಾಸದ ಬಗ್ಗೆ ಚರಿತ್ರೆಕಾರರು ಒಂದು ಘಟನೆಯನ್ನು ಉಲ್ಲೇಖಿಸುತ್ತಾರೆ. ಜುರ್ಜಾನಿನಲ್ಲಿ ಓದು ಮುಗಿಸಿ ಊರಿಗೆ ಮರಳುತ್ತಿದ್ದಾಗ ದರೋಡೆಕೋರರು ಯಾತ್ರಿಕರನ್ನು ಅಡ್ಡಗಟ್ಟಿ ಎಲ್ಲವನ್ನೂ ದೋಚಿದರು. ಪಾಠಗಳನ್ನು ಬರೆದಿಟ್ಟುಕೊಂಡಿದ್ದ ಹಾಳೆಗಳೂ ಅವರ ಪಾಲಾದವು. ಯುವಕ ಗಝ್ಝಾಲಿ ದರೋಡೆಕೋರರ ನಾಯಕನ ಹಿಂದೆ ಹೋಗಿ, ತನ್ನ ಜ್ಞಾನವೆಲ್ಲ ಅದರಲ್ಲಿದೆ, ಅದನ್ನು ಮಾತ್ರ ಹಿಂದಿರುಗಿಸಿ ಎಂದು ಬೇಡಿಕೊಂಡರು. ನಾಯಕನು ನಕ್ಕು, ನಾವು ಕಸಿದ ಮಾತ್ರಕ್ಕೆ ಇಲ್ಲವಾಗುವುದಾದರೆ ಅದು ಎಂತಹ ಜ್ಞಾನ ಎಂದು ಕೇಳಿ ಹಾಳೆಗಳನ್ನು ಮರಳಿಸಿದನಂತೆ. ಆ ಮಾತು ಮನಸ್ಸಿಗೆ ನಾಟಿತು. ಊರಿಗೆ ಬಂದವರೇ ಮೂರು ವರ್ಷ ಕುಳಿತು ಬರೆದುಕೊಂಡದ್ದನ್ನೆಲ್ಲ ಕಂಠಪಾಠ ಮಾಡಿದರು.

ಜ್ಞಾನವು ಹಾಳೆಯಿಂದ ನೆನಪಿಗೆ ಬಂದಿತ್ತು. ಆದರೆ ನೆನಪಿನಿಂದ ಹೃದಯಕ್ಕೆ ಇಳಿಯಲು ಇನ್ನೂ ಬಹುದೂರ ಸಾಗಬೇಕಿತ್ತು.

ನಿಶಾಪುರದಲ್ಲಿ ಇಮಾಮುಲ್ ಹರಮೈನ್ ಅಲ್ ಜುವೈನಿ(ರ)ಯವರಂತಹ ಮಹಾಗುರುವಿನ ಬಳಿ ಅವರು ಕಲಿತರು. 1085ರಲ್ಲಿ ಗುರುಗಳು ನಿಧನರಾದ ಬಳಿಕ ಸಲ್ಜೂಕ್ ಸಾಮ್ರಾಜ್ಯದ ಪ್ರಧಾನ ವಝೀರ್ ನಿಝಾಮುಲ್ ಮುಲ್ಕ್‌ರ ವಿದ್ವತ್ಸಭೆಯನ್ನು ಸೇರಿದರು. 1091ರಲ್ಲಿ, ಆ ವಝೀರರೇ ಸ್ಥಾಪಿಸಿದ್ದ ಬಗ್ದಾದಿನ ನಿಝಾಮಿಯಾದ ಪ್ರಧಾನ ಅಧ್ಯಾಪಕ ಪೀಠ ಅವರಿಗೆ ದೊರೆಯಿತು. ಅಂದಿನ ವಿದ್ವಾಂಸನೊಬ್ಬನಿಗೆ ಅದಕ್ಕಿಂತ ಎತ್ತರದ ಸ್ಥಾನವಿರಲಿಲ್ಲ. ಮರುವರ್ಷವೇ ನಿಝಾಮುಲ್ ಮುಲ್ಕ್ ಕೊಲೆಯಾದರು. ವಾರಗಳು ಕಳೆಯುವುದರೊಳಗೆ ಸುಲ್ತಾನ್ ಮಲಿಕ್ ಶಾಹನೂ ತೀರಿಕೊಂಡನು. ಲೌಕಿಕ ಅಧಿಕಾರವು ಎಷ್ಟು ಬೇಗ ಮಣ್ಣುಪಾಲಾಗುತ್ತದೆ ಎಂಬುದನ್ನು ಬಗ್ದಾದ್ ಕಣ್ಣಾರೆ ಕಂಡಿತು.

ಈ ಅವಧಿಯಲ್ಲಿ ಇಮಾಮರು ಗ್ರೀಕ್ ಮೂಲದ ತತ್ವಶಾಸ್ತ್ರವನ್ನು ಆಳವಾಗಿ ಅಭ್ಯಸಿಸಿ, 1095ರ ಆರಂಭದಲ್ಲಿ 'ತಹಾಫುತುಲ್ ಫಲಾಸಿಫಾ' ಎಂಬ ವಿಮರ್ಶಾ ಗ್ರಂಥವನ್ನು ಪೂರ್ಣಗೊಳಿಸಿದರು. ತತ್ವಜ್ಞಾನಿಗಳ ವಾದಗಳನ್ನು ಅವರದೇ ತರ್ಕದಿಂದ ಎದುರಿಸಿದ ಕೃತಿಯದು. ಆ ಗ್ರಂಥ ಮುಗಿದ ಕೆಲವೇ ತಿಂಗಳಲ್ಲಿ ಅವರ ಮಾತು ನಿಂತಿತು. ವಾದದಲ್ಲಿ ಗೆದ್ದವನು ತನ್ನೊಳಗೆ ಸೋತಿದ್ದನು.

ಸಂಶಯದ ಎರಡು ತಿಂಗಳು

ಇಮಾಮರು ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಬರೆದ 'ಅಲ್ ಮುನ್ಕಿದ್ ಮಿನದ್ದಲಾಲ್' ಎಂಬ ಕೃತಿಯಲ್ಲಿ ಈ ಒಳಗಿನ ಪಯಣವನ್ನು ಮುಚ್ಚುಮರೆಯಿಲ್ಲದೆ ತೆರೆದಿಟ್ಟಿದ್ದಾರೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಅವರು ಎಳವೆಯಲ್ಲೇ ಗಮನಿಸಿದ್ದರು. ಪ್ರತಿಯೊಂದು ಶಿಶುವೂ 'ಫಿತ್ರತ್' ಅಂದರೆ ಸಹಜ ಶುದ್ಧ ಪ್ರಕೃತಿಯ ಮೇಲೆ ಜನಿಸುತ್ತದೆ ಎಂಬ ಅರ್ಥದ ಪ್ರವಾದಿವಚನವು ಅವರನ್ನು ಕಾಡಿತು. ಹೆತ್ತವರಿಂದ ಬಂದದ್ದು ಯಾವುದು, ತಾನೇ ಕಂಡುಕೊಂಡದ್ದು ಯಾವುದು? ಹಾಗಾದರೆ ಸಂಶಯಕ್ಕೆ ಎಡೆಯೇ ಇಲ್ಲದ ದೃಢಜ್ಞಾನ, ಅಂದರೆ 'ಯಕೀನ್', ಎಲ್ಲಿದೆ?

ಅವರು ಮೊದಲು ಇಂದ್ರಿಯಗಳನ್ನು ಪರೀಕ್ಷಿಸಿದರು. ಕಣ್ಣಿಗೆ ನೆರಳು ನಿಂತಲ್ಲೇ ನಿಂತಂತೆ ತೋರುತ್ತದೆ. ಸ್ವಲ್ಪ ಹೊತ್ತು ಕಳೆದು ನೋಡಿದರೆ ಅದು ಸರಿದಿರುತ್ತದೆ. ನಕ್ಷತ್ರವು ಒಂದು ದೀನಾರ್ ನಾಣ್ಯದಷ್ಟು ಕಾಣುತ್ತದೆ. ಅದು ಭೂಮಿಗಿಂತ ದೊಡ್ಡದೆಂದು ಗಣಿತ ಸಾಧಿಸುತ್ತದೆ. ಕಣ್ಣು ಹೇಳಿದ ಸುಳ್ಳನ್ನು ಬುದ್ಧಿ ತಿದ್ದಿತು. ಆದರೆ ಬುದ್ಧಿಯನ್ನು ತಿದ್ದುವವರು ಯಾರು? ಕನಸಿನಲ್ಲಿ ಕಂಡದ್ದೆಲ್ಲ ಆ ಹೊತ್ತಿಗೆ ನಿಜವೆಂದೇ ತೋರುತ್ತದೆ, ಎಚ್ಚರವಾದ ಮೇಲಷ್ಟೇ ಅದರ ಪೊಳ್ಳು ತಿಳಿಯುತ್ತದೆ. ಈ ಎಚ್ಚರದ ಬದುಕಿನಿಂದಲೂ ಮೇಲಿನ ಇನ್ನೊಂದು ಎಚ್ಚರವಿದ್ದರೆ? ಹೆಚ್ಚುಕಡಿಮೆ ಎರಡು ತಿಂಗಳ ಕಾಲ ಅವರು ಈ ಸಂಶಯದಲ್ಲಿ ತೊಳಲಾಡಿದರು. ಸಂಶಯವನ್ನು ಕಳೆಯಲು ಪುರಾವೆ ಬೇಕು. ಪುರಾವೆ ಕಟ್ಟಲು ಬುದ್ಧಿಯ ಮೂಲತತ್ವಗಳು ಬೇಕು. ಆ ಮೂಲತತ್ವಗಳನ್ನೇ ಸಂಶಯಿಸಿದ ಮೇಲೆ ಪುರಾವೆ ನಿಲ್ಲುವುದಾದರೂ ಯಾವುದರ ಮೇಲೆ?

ಕೊನೆಗೆ ಅವರಿಗೆ ಸ್ವಾಸ್ಥ್ಯ ಮರಳಿತು. ಅದು ವಾದದಿಂದ ಬಂದುದಲ್ಲ, ಅಲ್ಲಾಹನು ಎದೆಗೆ ಸುರಿದ ಒಂದು ಪ್ರಕಾಶದಿಂದ ಬಂದುದು ಎಂದು ಅವರು ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಪ್ರಕಾಶವು ಅವರಿಗೆ ಮರಳಿ ಕೊಟ್ಟದ್ದು ಬುದ್ಧಿಯ ಮೇಲಣ ನಂಬಿಕೆಯನ್ನು. ಅವರು ಬುದ್ಧಿಯನ್ನು ಬಿಸಾಡಲಿಲ್ಲ. ಬುದ್ಧಿಯೂ ಒಂದು ಅನುಗ್ರಹದ ಮೇಲೆ ನಿಂತಿದೆ ಎಂಬುದನ್ನು ಕಂಡುಕೊಂಡರು.

ತಿಳಿಯುವುದು ಮತ್ತು ಸವಿಯುವುದು

ಅನಂತರ ಅವರು ಸತ್ಯಾನ್ವೇಷಕರ ನಾಲ್ಕು ವರ್ಗಗಳನ್ನು ಒಂದೊಂದಾಗಿ ಪರಿಶೀಲಿಸಿದರು: ಧರ್ಮತತ್ವ ವಾದಿಗಳಾದ ಮುತಕಲ್ಲಿಮರು, ತತ್ವಜ್ಞಾನಿಗಳು, ತಪ್ಪೆಸಗದ ಗುರುವೊಬ್ಬನನ್ನೇ ಅವಲಂಬಿಸುವ ಬಾತಿನಿಗಳು ಮತ್ತು ಸೂಫಿಗಳು. ಸೂಫಿಗಳ ಗ್ರಂಥಗಳನ್ನು ಓದಿ ಮುಗಿಸಲು ಅವರಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಆದರೆ ಓದಿ ಮುಗಿದ ಬಳಿಕ, ಓದಿನಿಂದ ದೊರೆಯಬಹುದಾದುದೆಲ್ಲ ದೊರೆತಾಗಿದೆ, ಉಳಿದದ್ದು ಓದಿಗೆ ನಿಲುಕುವಂತಹದ್ದಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. ಅದು 'ಝೌಕ್' ಅಂದರೆ ಸವಿಯಿಂದ ಮಾತ್ರ ದೊರೆಯುವಂತಹದ್ದು.

ಇದನ್ನು ವಿವರಿಸಲು ಅವರು ಸರಳವಾದ ಉದಾಹರಣೆಗಳನ್ನು ಕೊಡುತ್ತಾರೆ. ಆರೋಗ್ಯದ ವ್ಯಾಖ್ಯಾನವನ್ನು ಬಲ್ಲವನು ಬೇರೆ, ಆರೋಗ್ಯವಂತನು ಬೇರೆ. ಕಾಯಿಲೆ ಬಿದ್ದ ವೈದ್ಯನಿಗೆ ಆರೋಗ್ಯದ ಲಕ್ಷಣ, ಕಾರಣ, ಔಷಧಿ ಎಲ್ಲವೂ ಗೊತ್ತು. ಅವನಲ್ಲಿ ಇಲ್ಲದಿರುವುದು ಆರೋಗ್ಯ ಮಾತ್ರ. ವಿರಕ್ತಿಯ ಅರ್ಥವನ್ನು ತಿಳಿಯುವುದಕ್ಕೂ ಮನಸ್ಸು ಲೌಕಿಕ ಮೋಹದಿಂದ ನಿಜವಾಗಿ ಬಿಡುಗಡೆ ಹೊಂದುವುದಕ್ಕೂ ಅಂತಹದೇ ಅಂತರವಿದೆ.

ಈ ಅಳತೆಗೋಲನ್ನು ಅವರು ಮೊದಲು ಹಿಡಿದದ್ದು ತಮ್ಮ ಮೇಲೆಯೇ. ತಾನು ಕಲಿಸುತ್ತಿರುವುದು ಪರಲೋಕಕ್ಕೆ ಉಪಯೋಗವಿಲ್ಲದ ವಿದ್ಯೆಗಳನ್ನು. ಕಲಿಸುವ ಉದ್ದೇಶವೂ ಅಲ್ಲಾಹನ ಸಂಪ್ರೀತಿಯಲ್ಲ, ಕೀರ್ತಿ ಮತ್ತು ಸ್ಥಾನಮಾನ. ಒಂದು ದಿನ ಬಗ್ದಾದನ್ನು ತೊರೆಯಲು ನಿರ್ಧರಿಸುವರು. ಮರುದಿನ ಆ ನಿರ್ಧಾರ ಸಡಿಲವಾಗುವುದು. ಬೆಳಗ್ಗೆ ಪರಲೋಕದ ಹಂಬಲ, ಸಂಜೆ ಲೌಕಿಕದ ಸೆಳೆತ. ಹೀಗೆ ಆರು ತಿಂಗಳ ತೊಳಲಾಟದ ಕೊನೆಯಲ್ಲಿ ನಾಲಿಗೆಯೇ ಮುಷ್ಕರ ಹೂಡಿತು. ಹಿಜರಿ 488ರ ಝುಲ್‌ಕಅದ್ ತಿಂಗಳಲ್ಲಿ, ಮಕ್ಕಳ ಜೀವನೋಪಾಯಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿ ಅವರು ಬಗ್ದಾದಿನಿಂದ ಹೊರಟರು.

ದಮಾಸ್ಕಸ್‌ನಲ್ಲಿ ಮಸೀದಿಯ ಮಿನಾರವನ್ನೇರಿ ಬಾಗಿಲಿಕ್ಕಿಕೊಂಡು ದಿನವಿಡೀ ಧ್ಯಾನದಲ್ಲಿರುತ್ತಿದ್ದರು. ಅಲ್ಲಿಂದ ಬೈತುಲ್ ಮುಕದ್ದಸ್‌ಗೆ ತೆರಳಿದರು. ಬಳಿಕ ಅಲ್ ಖಲೀಲ್ ಅಂದರೆ ಹೆಬ್ರಾನ್ ನಗರದಲ್ಲಿ, ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಸನ್ನಿಧಿಯಲ್ಲಿ ಮೂರು ಪ್ರತಿಜ್ಞೆಗಳನ್ನು ಮಾಡಿದರು: ಇನ್ನು ಮುಂದೆ ಯಾವ ದೊರೆಯಿಂದಲೂ ಹಣ ಪಡೆಯಲಾರೆ, ಯಾವ ದೊರೆಯ ಆಸ್ಥಾನಕ್ಕೂ ಹೋಗಲಾರೆ, ಯಾರೊಡನೆಯೂ ಜಿದ್ದಿನ ವಾದಕ್ಕೆ ಇಳಿಯಲಾರೆ. ಆಮೇಲೆ ಮಕ್ಕಾ ಮತ್ತು ಮದೀನಾಗಳಿಗೆ ತೆರಳಿದರು. ಕೊನೆಗೆ ಮಕ್ಕಳ ಕರೆ ಅವರನ್ನು ತವರಿಗೆ ಸೆಳೆಯಿತು.

ಒಂದು ಪದದ ಇತಿಹಾಸ

ಈ ವರ್ಷಗಳ ಫಲವೇ 'ಇಹ್ಯಾ ಉಲೂಮಿದ್ದೀನ್', ನಲ್ವತ್ತು ಅಧ್ಯಾಯ ಗ್ರಂಥಗಳ ಆ ಮಹಾಕೃತಿ. ಅದರ ಮೊದಲ ಗ್ರಂಥವೇ ಜ್ಞಾನದ ಕುರಿತಾದುದು. ಅದರಲ್ಲಿ ಇಮಾಮರು ಐದು ಪದಗಳ ಇತಿಹಾಸವನ್ನು ಹೇಳುತ್ತಾರೆ: ಫಿಕ್ಹ್, ಇಲ್ಮ್, ತೌಹೀದ್, ತಝ್ಕೀರ್ ಮತ್ತು ಹಿಕ್ಮತ್. ಈ ಐದೂ ಪದಗಳು ಆರಂಭದ ತಲೆಮಾರಿನಲ್ಲಿ ಹೊಂದಿದ್ದ ಅರ್ಥವನ್ನು ಕಾಲಕ್ರಮದಲ್ಲಿ ಕಳಕೊಂಡವು ಎಂಬುದು ಅವರ ಆಕ್ಷೇಪ.

'ಫಿಕ್ಹ್' ಎಂಬ ಪದವನ್ನೇ ತೆಗೆದುಕೊಳ್ಳೋಣ. ಅದರ ಮೂಲಾರ್ಥ ಅರಿವು, ಆಳವಾದ ಗ್ರಹಿಕೆ. ಮೊದಲ ತಲೆಮಾರಿನವರಿಗೆ ಫಿಕ್ಹ್ ಎಂದರೆ ಪರಲೋಕದ ಹಾದಿಯ ಅರಿವು, ಆತ್ಮದ ರೋಗಗಳ ಅರಿವು, ಲೌಕಿಕದ ಕ್ಷಣಿಕತೆಯ ಅರಿವಾಗಿತ್ತು. ಮುಂದೆ ಅದು ತಲಾಕ್, ಗುತ್ತಿಗೆ, ಖರೀದಿ, ಮಾರಾಟಗಳ ಸೂಕ್ಷ್ಮ ವಿಧಿಗಳ ಪಾಂಡಿತ್ಯಕ್ಕೆ ಸೀಮಿತವಾಯಿತು. ಇಮಾಮರು ಸ್ವತಃ ಶಾಫಿಈ ಮದ್‌ಹಬಿನ ದೊಡ್ಡ ಧರ್ಮಶಾಸ್ತ್ರಜ್ಞರು. ಆ ವಿಧಿಗಳು ಬೇಡವೆಂದು ಅವರು ಹೇಳಲಿಲ್ಲ. ಅದಿಷ್ಟೇ ಅರಿವೆಂದು ತಿಳಿಯುವುದು ಮೋಸಹೋಗುವುದಾಗಿದೆ ಎಂದರು.

ಪವಿತ್ರ ಕುರ್‌ಆನ್ ಈ ಪದವನ್ನು ಬಳಸುವ ರೀತಿಯೂ ಇದನ್ನೇ ತೋರಿಸುತ್ತದೆ. ಅಲ್ ಅಅ್‌ರಾಫ್ ಅಧ್ಯಾಯದ 179ನೆಯ ಸೂಕ್ತದಲ್ಲಿ, ಹೃದಯಗಳಿದ್ದೂ ಅವುಗಳಿಂದ ಗ್ರಹಿಸದವರ ಪ್ರಸ್ತಾಪವಿದೆ. ಅಲ್ಲಿ ಬಂದಿರುವುದು 'ಫಿಕ್ಹ್' ಎಂಬ ಧಾತುವೇ. ಅಲ್ ಹಜ್ಜ್ ಅಧ್ಯಾಯದ 46ನೆಯ ಸೂಕ್ತವು, ನಿಜವಾಗಿ ಕುರುಡಾಗುವುದು ಕಣ್ಣುಗಳಲ್ಲ, ಎದೆಗಳೊಳಗಿನ ಹೃದಯಗಳು ಎಂದು ಎಚ್ಚರಿಸುತ್ತದೆ. ಅರಿವಿನ ನೆಲೆ ಯಾವುದೆಂಬ ಪ್ರಶ್ನೆಗೆ ಕುರ್‌ಆನ್ ಕೊಡುವ ಉತ್ತರ ಹೃದಯ. ಇಲ್ಲಿ ಹೃದಯವೆಂದರೆ ಬರಿಯ ಭಾವನೆಯಲ್ಲ. ಆಲೋಚಿಸುವ, ತೀರ್ಮಾನಿಸುವ, ಹೊಣೆ ಹೊರುವ ಇಡೀ ಮನುಷ್ಯನೇ ಅದು.

ಶಿಷ್ಯನೊಬ್ಬನಿಗೆ ಬರೆದ 'ಅಯ್ಯುಹಲ್ ವಲದ್' ಎಂಬ ಪತ್ರದಲ್ಲಿ ಇಮಾಮರು ಒಂದು ಉಪಮೆಯನ್ನು ಕೊಡುತ್ತಾರೆ. ಕಾಡಿನಲ್ಲಿ ಒಬ್ಬ ವೀರನ ಬಳಿ ಹತ್ತು ಖಡ್ಗಗಳಿವೆ, ಬೇರೆ ಆಯುಧಗಳೂ ಇವೆ. ಸಿಂಹವೊಂದು ಮೇಲೆರಗುತ್ತದೆ. ಬೀಸದೆ ಇಟ್ಟುಕೊಂಡ ಆಯುಧಗಳು ಅವನನ್ನು ಕಾಪಾಡುವವೇ? ಒಂದು ಲಕ್ಷ ವಿಷಯಗಳನ್ನು ಓದಿ ತಿಳಿದವನೂ ಅದರಂತೆ ನಡೆಯದಿದ್ದರೆ ಅವನ ಸ್ಥಿತಿ ಬೇರೆಯಲ್ಲ.

ಕೋಪನ್‌ಹೇಗನ್ನಿನ ಯುವಕ

ಈಗ ನಾವು ಇಮಾಮರ ಕಾಲದಿಂದ ಏಳು ಶತಮಾನಗಳಷ್ಟು ಮುಂದೆ, ಉತ್ತರ ಯುರೋಪಿನ ಡೆನ್ಮಾರ್ಕಿಗೆ ಬರೋಣ. ಸೋರೆನ್ ಕೀರ್ಕೆಗಾರ್ಡ್ 1813ರಲ್ಲಿ ಕೋಪನ್‌ಹೇಗನ್ನಿನಲ್ಲಿ ಜನಿಸಿದನು. ಅವನು ಇಮಾಮರ ಗ್ರಂಥಗಳಿಂದ ಪ್ರಭಾವಿತನಾದವನೆಂದು ಹೇಳಲು ಆಧಾರವಿಲ್ಲ. ಅವನು ಕ್ರೈಸ್ತ ದೇವತಾಶಾಸ್ತ್ರದ ವಿದ್ಯಾರ್ಥಿ. 1835ರ ಬೇಸಗೆಯಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಗಿಲೆಲೈ ಎಂಬ ಕಡಲತೀರದ ಊರಿನಲ್ಲಿದ್ದಾಗ ಅವನು ತನ್ನ ದಿನಚರಿಯಲ್ಲಿ ಒಂದು ಹಂಬಲವನ್ನು ಬರೆದಿಟ್ಟನು. ತನಗೆ ಬೇಕಾದುದು ತನ್ನ ಪಾಲಿಗೆ ಸತ್ಯವಾಗುವ ಸತ್ಯ, ಬಾಳಲೂ ಸಾಯಲೂ ಯೋಗ್ಯವಾದ ಒಂದು ಧ್ಯೇಯ ಎಂಬುದು ಅದರ ಸಾರ.

ಅವನ ಕಾಲದಲ್ಲಿ ಹೆಗೆಲ್‌ನ ತತ್ವಶಾಸ್ತ್ರವು ಯುರೋಪನ್ನು ಆಳುತ್ತಿತ್ತು. ಪ್ರಪಂಚ, ಚರಿತ್ರೆ, ಧರ್ಮ ಎಲ್ಲಕ್ಕೂ ಅದರಲ್ಲಿ ಒಂದು ಸ್ಥಾನವಿತ್ತು. ಆದರೆ ಇಂದು ಈ ಮನೆಯಲ್ಲಿ ಬದುಕುತ್ತಿರುವ, ನಾಳೆ ಸಾಯಲಿರುವ ಒಬ್ಬ ವ್ಯಕ್ತಿಗೆ ಅದರಲ್ಲಿ ಜಾಗವಿಲ್ಲ ಎಂಬುದು ಕೀರ್ಕೆಗಾರ್ಡನ ದೂರಾಗಿತ್ತು. 1846ರ ಒಂದು ಗ್ರಂಥದಲ್ಲಿ ಅವನು ಮರಣದ ಉದಾಹರಣೆಯನ್ನು ಎತ್ತಿಕೊಂಡನು. ಮರಣದ ಬಗ್ಗೆ ಎಲ್ಲರಿಗೂ ತಿಳಿದಿರುವುದು ತನಗೂ ತಿಳಿದಿದೆ. ಯಾವ ವಿಷದಿಂದ ಸಾವು ಬರುತ್ತದೆ ಎಂಬುದೂ ಗೊತ್ತು. ಆದರೆ ತಾನು ಸಾಯುತ್ತೇನೆ ಎಂಬುದನ್ನು ತಾನು ಅರಿತಿದ್ದೇನೆಯೇ? ಅದನ್ನು ಅರಿತಿದ್ದರೆ ತನ್ನ ದಿನಗಳು ಇದೇ ರೀತಿ ಸಾಗುತ್ತಿದ್ದವೇ?

ತನ್ನ ದೇಶದಲ್ಲಿ ಎಲ್ಲರೂ ಹುಟ್ಟಿನಿಂದಲೇ ಕ್ರೈಸ್ತರು, ಆದ್ದರಿಂದಲೇ ಕ್ರೈಸ್ತನಾಗುವುದು ಏನೆಂದು ಯಾರೂ ಕೇಳಿಕೊಳ್ಳುವುದಿಲ್ಲ ಎಂದು ಅವನು ಚರ್ಚ್‌ನ ವಿರುದ್ಧ ಕಟುವಾಗಿ ಬರೆದನು. 1855ರಲ್ಲಿ ತೀರಿಕೊಳ್ಳುವವರೆಗೂ ಅವನ ಈ ಹೋರಾಟ ನಿಲ್ಲಲಿಲ್ಲ. ಹೆತ್ತವರಿಂದ ಬಂದ ಹೆಸರನ್ನೇ ವಿಶ್ವಾಸವೆಂದು ತಿಳಿದ ಮುಸ್ಲಿಮನಿಗೂ ಈ ಮಾತು ಅನ್ವಯಿಸದೇ?

ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಹೈಡೆಗರ್ ಈ ಚಿಂತನೆಯನ್ನು ಬೇರೊಂದು ದಿಕ್ಕಿಗೆ ಒಯ್ದನು. ಅವನ 'ಅಸ್ತಿತ್ವ ಮತ್ತು ಕಾಲ' 1927ರಲ್ಲಿ ಪ್ರಕಟವಾಯಿತು. ಅರಿವು ಎಂಬುದು ಮನುಷ್ಯನ ಬಳಿ ಇರುವ ಒಂದು ಸಾಮಗ್ರಿಯಲ್ಲ, ಅದು ಅವನ ಇರುವಿಕೆಯ ರೀತಿಯೇ ಆಗಿದೆ ಎಂದು ಅವನು ಪ್ರತಿಪಾದಿಸಿದನು. ಬಡಗಿಯು ಸುತ್ತಿಗೆಯನ್ನು ಅರಿಯುವುದು ಅದರ ತೂಕ, ಬಣ್ಣಗಳನ್ನು ದಿಟ್ಟಿಸಿ ನೋಡಿ ಅಲ್ಲ, ಅದನ್ನು ಹಿಡಿದು ಕೆಲಸ ಮಾಡಿ. ಹಾಗೆಯೇ ಮನುಷ್ಯನು ಬದುಕನ್ನು ಅರಿಯುವುದು ಬದುಕುವುದರಲ್ಲಿ. ಜನರು ಸಾಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಆ ಜನರಲ್ಲಿ ತನ್ನನ್ನು ಮಾತ್ರ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬುದನ್ನೂ ಅವನು ತೋರಿಸಿಕೊಟ್ಟನು.

ಪವಿತ್ರ ಕುರ್‌ಆನಿನ ಓದುಗನಿಗೆ ಇಲ್ಲಿ ಒಂದು ವಿಷಯ ಹೊಳೆಯದಿರದು. ಪ್ರತಿಯೊಂದು ಜೀವವೂ ಮರಣವನ್ನು ಸವಿಯಲಿದೆ ಎಂಬ ಅರ್ಥದ ಮಾತು ಕುರ್‌ಆನಿನಲ್ಲಿ ಮೂರು ಕಡೆ ಬಂದಿದೆ. ಅಲ್ಲಿ ಬಳಸಿರುವ 'ಝಾಇಕತ್' ಎಂಬ ಪದವೂ ಇಮಾಮರ 'ಝೌಕ್' ಎಂಬ ಪದವೂ ಒಂದೇ ಧಾತುವಿನಿಂದ ಬಂದಿವೆ. ಮರಣವನ್ನು ತಿಳಿಯುವುದಲ್ಲ, ಸವಿಯುವುದು. ಮತ್ತು ಅದನ್ನು ಸವಿಯುವುದು ಜನರಲ್ಲ, ಒಂದೊಂದು ಜೀವ.

ದಾರಿಗಳು ಅಗಲುವ ತಾಣ

ಇಷ್ಟರವರೆಗೆ ಪ್ರಶ್ನೆ ಒಂದೇ. ಆದರೆ ಉತ್ತರದಲ್ಲಿ ದಾರಿಗಳು ಅಗಲುತ್ತವೆ. ಅದನ್ನು ಕಾಣಲು ಪ್ರವಾದಿ ಇಬ್ರಾಹೀಮ್(ಅ)ರ ಬಳಿಗೇ ಹೋಗಬೇಕು. ಇಮಾಮ್ ಗಝ್ಝಾಲಿ(ರ) ಪ್ರತಿಜ್ಞೆ ಮಾಡಿದ್ದು ಅವರ ಸನ್ನಿಧಿಯಲ್ಲಿ. ಕೀರ್ಕೆಗಾರ್ಡನು 1843ರಲ್ಲಿ ಬರೆದ 'ಭಯ ಮತ್ತು ಕಂಪನ' ಎಂಬ ಕೃತಿಯ ವಿಷಯವೂ ಅವರು ಮಗನನ್ನು ಬಲಿ ನೀಡಲು ಮುಂದಾದ ಘಟನೆಯೇ ಆಗಿದೆ.

ಬೈಬಲಿನ ಕಥನವನ್ನು ಅನುಸರಿಸುವ ಕೀರ್ಕೆಗಾರ್ಡನ ಇಬ್ರಾಹೀಮ್ ಒಬ್ಬಂಟಿ. ತನ್ನ ಅರಿವನ್ನು ಅವರು ಪತ್ನಿಗೂ ಹೇಳಲಾರರು, ಮಗನಿಗೂ ಹೇಳಲಾರರು. ವಿಶ್ವಾಸದ ಅರಿವು ಮಾತಿಗೆ ನಿಲುಕದು, ಇನ್ನೊಬ್ಬರೊಡನೆ ಹಂಚಲಾಗದು ಎಂಬುದು ಅವನ ನಿಲುವು. ಕುರ್‌ಆನಿನ ಅಸ್ಸಾಫ್ಫಾತ್ ಅಧ್ಯಾಯದ ಚಿತ್ರಣ ಇದಕ್ಕಿಂತ ಭಿನ್ನವಾಗಿದೆ. ಅಲ್ಲಿ ತಂದೆ ತನ್ನ ಕನಸನ್ನು ಮಗನ ಮುಂದಿಟ್ಟು, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾರೆ. ಬಹುಸಂಖ್ಯಾತ ವಿದ್ವಾಂಸರ ಪ್ರಕಾರ ಆ ಮಗ ಇಸ್ಮಾಈಲ್(ಅ). ಮಗನು ಆಜ್ಞೆಯನ್ನು ನೆರವೇರಿಸುವಂತೆ ತಂದೆಗೇ ಧೈರ್ಯ ತುಂಬುತ್ತಾರೆ. ಬಳಿಕ ಶರಣಾಗತಿಯನ್ನು ಸೂಚಿಸುವ ಕ್ರಿಯಾಪದವು ಅರಬಿಯ ದ್ವಿವಚನದಲ್ಲಿದೆ: 'ಅಸ್ಲಮಾ', ಇಬ್ಬರೂ ಶರಣಾದರು. ಅತ್ಯಂತ ಕಠಿಣ ಪರೀಕ್ಷೆಯ ಗಳಿಗೆಯಲ್ಲೂ ಅಲ್ಲಿ ಸಮಾಲೋಚನೆಯಿದೆ. ಒಬ್ಬನ ಹೃದಯದ ಅರಿವು ಇನ್ನೊಬ್ಬನ ಹೃದಯವನ್ನು ತಲಪುತ್ತದೆ. ಪ್ರತಿವರ್ಷ ಬಕ್ರೀದ್ ಆಚರಿಸುವ ನಾವು ತಂದೆಮಕ್ಕಳ ಈ ಸಂಭಾಷಣೆಯನ್ನು ನಮ್ಮ ಮನೆಗಳಲ್ಲಿ ಎಷ್ಟು ಬಾರಿ ನಡೆಸಿದ್ದೇವೆ?

ಅಲ್ ಬಕರಾ ಅಧ್ಯಾಯದ 260ನೆಯ ಸೂಕ್ತವೂ ಇಲ್ಲಿ ನೆನಪಾಗುತ್ತದೆ. ಮೃತರನ್ನು ಹೇಗೆ ಜೀವಂತಗೊಳಿಸುವೆ ಎಂದು ತೋರಿಸುವಂತೆ ಇಬ್ರಾಹೀಮ್(ಅ) ಅಲ್ಲಾಹನಲ್ಲಿ ಬೇಡುತ್ತಾರೆ. ನೀನು ನಂಬಿಲ್ಲವೇ ಎಂಬ ಪ್ರಶ್ನೆಗೆ, ನಂಬಿದ್ದೇನೆ, ಆದರೆ ಹೃದಯಕ್ಕೆ ನೆಮ್ಮದಿ ಬೇಕು ಎಂದು ಉತ್ತರಿಸುತ್ತಾರೆ. ಅಲ್ಲಾಹನು ಅವರನ್ನು ಗದರಿಸುವುದಿಲ್ಲ. ನಾಲ್ಕು ಹಕ್ಕಿಗಳನ್ನು ತೆಗೆದುಕೊಳ್ಳಲು ಹೇಳಿ ಉತ್ತರ ನೀಡುತ್ತಾನೆ. ನಂಬಿಕೆಯಿದ್ದೂ ಅರಿವನ್ನು ಅರಸುವುದು ಅಪರಾಧವಲ್ಲ. ಮನೆಯ ಮಕ್ಕಳು ಪ್ರಶ್ನೆ ಕೇಳಿದಾಗ ಬಾಯಿಮುಚ್ಚಿಸುವ ಹಿರಿಯರು ಈ ಸೂಕ್ತವನ್ನು ಮತ್ತೊಮ್ಮೆ ಓದಬೇಕು.

ಫ್ರಾನ್ಸಿನ ಜಾನ್ ಪಾಲ್ ಸಾರ್ತ್ರ್ 1945ರ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಅಸ್ತಿತ್ವವಾದವನ್ನು ದೇವನಿಷೇಧದ ತುದಿಗೆ ಒಯ್ದನು. ಕಾಗದ ಕತ್ತರಿಸುವ ಚೂರಿಯನ್ನು ಮಾಡುವವನ ಮನಸ್ಸಿನಲ್ಲಿ ಅದರ ಉದ್ದೇಶ ಮೊದಲೇ ಇರುತ್ತದೆ. ಮನುಷ್ಯನನ್ನು ಮಾಡಿದವನು ಯಾರೂ ಇಲ್ಲ, ಆದ್ದರಿಂದ ಅವನಿಗೆ ಹುಟ್ಟಿನಿಂದ ಯಾವ ಸ್ವರೂಪವೂ ಇಲ್ಲ, ತನ್ನ ಅರ್ಥವನ್ನು ಅವನೇ ಸೃಷ್ಟಿಸಿಕೊಳ್ಳಬೇಕು ಎಂಬುದು ಅವನ ವಾದ. ಹೊಣೆಯಿಂದ ನುಣುಚಿಕೊಳ್ಳಬೇಡ ಎಂಬ ಅವನ ಕರೆಯಲ್ಲಿ ಗಂಭೀರತೆಯಿದೆ. ಆದರೆ ಹೊಣೆ ಯಾರಿಗೆ? ಆಕಾಶಗಳೂ ಭೂಮಿಯೂ ಪರ್ವತಗಳೂ ಹೊರಲು ಹಿಂಜರಿದ 'ಅಮಾನತ್' ಅನ್ನು ಮನುಷ್ಯನು ಹೊತ್ತನೆಂದು ಅಲ್ ಅಹ್‌ಝಾಬ್ ಅಧ್ಯಾಯವು ಹೇಳುತ್ತದೆ. ಅಮಾನತ್ ಎಂದರೆ ಇನ್ನೊಬ್ಬರು ವಹಿಸಿಕೊಟ್ಟದ್ದು. ವಹಿಸಿದವನೇ ಇಲ್ಲವಾದರೆ ಲೆಕ್ಕ ಒಪ್ಪಿಸುವುದು ಯಾರಿಗೆ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಮನುಷ್ಯನ ಇರುವಿಕೆಯನ್ನು ಅಷ್ಟು ಆಳವಾಗಿ ವಿಶ್ಲೇಷಿಸಿದ ಹೈಡೆಗರ್ 1933ರಲ್ಲಿ ನಾಝಿ ಪಕ್ಷವನ್ನು ಸೇರಿದನು, ಅದೇ ವರ್ಷ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರನೂ ಆದನು. ಮರಣವನ್ನು ಎದುರಿಸುವ ದಿಟ್ಟತನವಿದ್ದ ಮಾತ್ರಕ್ಕೆ ನ್ಯಾಯ ಅನ್ಯಾಯಗಳ ವಿವೇಕ ತಾನಾಗಿ ಹುಟ್ಟುವುದಿಲ್ಲ ಎಂಬುದಕ್ಕೆ ಅದೊಂದು ಪಾಠ. ಅರಿವಿಗೆ ಆಳವಿದ್ದರೆ ಸಾಲದು, ತನ್ನಿಂದ ಮೇಲಿನ ಒಂದು ಮಾನದಂಡವೂ ಬೇಕು.

ಬುದ್ಧಿಯನ್ನು ಕಡೆಗಣಿಸಬಾರದು

ಅರಿವು ಹೃದಯದ್ದೆಂದು ಹೇಳುವಾಗ ಬುದ್ಧಿಯನ್ನು ಕಡೆಗಣಿಸುವ ಅಪಾಯವೂ ಇದೆ. ಇಮಾಮರ ಹೆಸರು ಹೇಳಿ ವಿಜ್ಞಾನವನ್ನು ಹಳಿಯುವವರು ಅವರ ಗ್ರಂಥಗಳನ್ನು ತೆರೆದು ನೋಡಬೇಕು. ಗಣಿತವನ್ನೂ ಗ್ರಹಣದ ಲೆಕ್ಕಾಚಾರವನ್ನೂ ನಿರಾಕರಿಸುವುದೇ ಧರ್ಮರಕ್ಷಣೆ ಎಂದು ಭಾವಿಸುವವನು ಇಸ್ಲಾಮಿನ ಅಜ್ಞಾನಿ ಮಿತ್ರ, ಅವನಿಂದ ಧರ್ಮಕ್ಕೆ ಹಾನಿಯೇ ಹೆಚ್ಚು ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ.

ಆದರೂ ಇಮಾಮರು ವಿಮರ್ಶೆಗೆ ಅತೀತರಲ್ಲ. ಸ್ಪೇನಿನ ಇಬ್ನು ರುಶ್ದ್(ರ) 'ತಹಾಫುತ್'ಗೆ ಉತ್ತರವಾಗಿ ಒಂದು ಗ್ರಂಥವನ್ನೇ ರಚಿಸಿದರು. ನಮ್ಮ ಕಾಲಕ್ಕೆ ಹತ್ತಿರದವರಾದ ಅಲ್ಲಾಮಾ ಇಕ್ಬಾಲ್(ರ), ಮದ್ರಾಸಿನಲ್ಲಿ ಆರಂಭಿಸಿದ ತಮ್ಮ ಉಪನ್ಯಾಸಮಾಲೆಯಲ್ಲಿ ಇಮಾಮರ ಸೇವೆಯನ್ನು ಕೊಂಡಾಡುತ್ತಲೇ ಒಂದು ಆಕ್ಷೇಪವನ್ನೂ ಮುಂದಿಟ್ಟರು. ಚಿಂತನೆ ಮತ್ತು ಅಂತಃಪ್ರಜ್ಞೆ ಒಂದೇ ಬೇರಿನಿಂದ ಚಿಗುರಿದವು. ಅವುಗಳ ನಡುವೆ ಇಮಾಮರು ಗೆರೆ ಎಳೆದದ್ದು ಸರಿಯಲ್ಲ ಎಂಬುದು ಅವರ ಅಭಿಪ್ರಾಯ. ಅದೇ ಪ್ರವಾಸದಲ್ಲಿ, 1929ರ ಜನವರಿಯಲ್ಲಿ, ಇಕ್ಬಾಲ್ ಬೆಂಗಳೂರು ಮತ್ತು ಮೈಸೂರುಗಳಿಗೂ ಬಂದಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಯನ್ನೂ ಸಂದರ್ಶಿಸಿದ್ದರು. ಅರಿವಿನ ಸ್ವರೂಪದ ಈ ಚರ್ಚೆಯನ್ನು ಹೊತ್ತು ತಂದವರು ನಮ್ಮ ಈ ಮಣ್ಣಿನ ಮೇಲೂ ನಡೆದುಹೋಗಿದ್ದಾರೆ.

ಮರಳಿ ಬಂದ ಗುರು

ಇಮಾಮರ ಕಥೆ ಮಿನಾರದ ಏಕಾಂತದಲ್ಲಿ ಮುಗಿಯಲಿಲ್ಲ. ಹಿಜರಿ 499ರ ಝುಲ್‌ಕಅದ್ ತಿಂಗಳಲ್ಲಿ (ಕ್ರಿ.ಶ. 1106), ಬಗ್ದಾದನ್ನು ತೊರೆದು ಸರಿಯಾಗಿ ಹನ್ನೊಂದು ವರ್ಷಗಳ ಬಳಿಕ, ಅವರು ನಿಶಾಪುರದ ನಿಝಾಮಿಯಾದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ನೋಡುವವರಿಗೆ ಅದೇ ಗುರು, ಅದೇ ಬಗೆಯ ಪೀಠ. ಆದರೆ ತಾನು ಮರಳಿದವನಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಅಂದು ಅವರು ಸ್ಥಾನಮಾನವನ್ನು ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದರು. ಈಗ ಸ್ಥಾನಮಾನದ ಮೋಹವನ್ನು ಬಿಡಿಸುವ ವಿದ್ಯೆಗೆ ಕರೆಯುತ್ತಿದ್ದರು. ಪದಗಳು ಬಹುಶಃ ಅವೇ ಇದ್ದವು, ನುಡಿಯುವವನು ಬೇರೆಯಾಗಿದ್ದನು. ಹಿಜರಿ 505ರಲ್ಲಿ, 1111ರ ಡಿಸೆಂಬರಿನಲ್ಲಿ, ಅವರು ಹುಟ್ಟೂರು ತೂಸ್‌ನಲ್ಲೇ ಇಹಲೋಕ ತ್ಯಜಿಸಿದರು.

ಇಂದು ನಮ್ಮ ಮನೆಗಳಲ್ಲಿ ಜ್ಞಾನಕ್ಕೆ ಬರವಿಲ್ಲ. ಮಕ್ಕಳು ಮದ್ರಸದಲ್ಲಿ ಸೂರಾಗಳನ್ನು ಕಂಠಪಾಠ ಮಾಡುತ್ತಾರೆ, ಶಾಲೆಯಲ್ಲಿ ಅಂಕಗಳನ್ನು ಗಳಿಸುತ್ತಾರೆ. ಬೆರಳ ತುದಿಯಲ್ಲಿ ಸಾವಿರ ಪ್ರವಚನಗಳಿವೆ. ದರೋಡೆಕೋರನು ಕಸಿಯಲಾರದಷ್ಟು ಮಾಹಿತಿಯನ್ನು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇವೆ. ಆದರೆ ನಮಾಝಿನಲ್ಲಿ ನಿಂತವನು ಯಾರ ಮುಂದೆ ನಿಂತಿದ್ದೇನೆಂದು ಅರಿತಿದ್ದಾನೆಯೇ? ಝಕಾತಿನ ಲೆಕ್ಕ ಬಲ್ಲವನು ನೆರೆಮನೆಯ ಹಸಿವನ್ನು ಬಲ್ಲನೇ? ಜನಾಝಕ್ಕೆ ಹೆಗಲು ಕೊಟ್ಟವನು ತನ್ನ ಸರದಿಯನ್ನು ನೆನೆದು ಮರಳುತ್ತಾನೆಯೇ, ಅಥವಾ ಕಬರಸ್ತಾನದ ಗೇಟು ದಾಟುವ ಮೊದಲೇ ವ್ಯಾಪಾರದ ಮಾತಿಗೆ ತೊಡಗುತ್ತಾನೆಯೇ? ಅಸ್ತಿತ್ವವಾದಿಗಳ ಎಲ್ಲ ಉತ್ತರಗಳನ್ನು ನಾವು ಒಪ್ಪಬೇಕಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ನಮಗೆ ಹೊಸತಲ್ಲ. ಅದನ್ನು ನಮ್ಮದೇ ಪರಂಪರೆಯ ಒಬ್ಬ ಮಹಾಪುರುಷ ತನ್ನ ನಾಲಿಗೆಯನ್ನೂ ಪದವಿಯನ್ನೂ ಪಣಕ್ಕಿಟ್ಟು ಕೇಳಿದ್ದರು.

ಅವರ ಮಾತು ನಿಂತದ್ದು ಶಿಕ್ಷೆಯಾಗಿರಲಿಲ್ಲ, ಅನುಗ್ರಹವಾಗಿತ್ತು. ಹೃದಯಕ್ಕೆ ಇಳಿಯದ ಮಾತನ್ನು ಇನ್ನು ನುಡಿಯಲಾರೆನೆಂದು ನಾಲಿಗೆಯೇ ಸಾಕ್ಷಿ ಹೇಳಿತು. ನಾವು ಓದಿದ್ದನ್ನು ಅರಿಯುವ, ಅರಿತದ್ದನ್ನು ಬಾಳುವ ಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಪ್ರಯೋಜನವಿಲ್ಲದ ಜ್ಞಾನದಿಂದ ಅವನು ನಮ್ಮನ್ನು ಕಾಪಾಡಲಿ. ಆಮೀನ್.